ಆಟ ನೋಡಲು ಹೊರಟಿದ್ದೀರಾ? ಕೌದಿ ಮರೆಯಬೇಡಿ!

"ಅಕ್ಕಾ, ನಿನ್ನೆ ನಾವು ಆಪೆರಾ ನೋಡ್ಲಿಕ್ಕೆ ಹೋಗಿದ್ವಿ. ಏನು ಉಡಬೇಕು, ಯಾವಾಗ ಚಪ್ಪಾಳಿ ಹೊಡೀಬೇಕು, ಒಂದೂ ಗೊತ್ತಿರಲಿಲ್ಲ ನೋಡು. ಭಾಳ ಅಂಜಿಕಿ ಆಗಿತ್ತು!"

ಮುಂಬೈಯಲ್ಲಿರುವ ನನ್ನ ತಂಗಿ ಫೋನಿನಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದಳು. ಅವರು ಹೋಗಿದ್ದು ಗಿರಗಾಂವ್ ಹತ್ತಿರದ ರಾಯಲ್ ಆಪೆರಾ ಹೌಸ್‌ಗೆ. 1911ರಲ್ಲಿ ಐದನೇ ಜಾರ್ಜ್ ದೊರೆ ಬಂದಾಗ ಉದ್ಘಾಟನೆಯಾದ ಕಟ್ಟಡ ಅದು. ಎಷ್ಟೋ ವರ್ಷ ಬಾಗಿಲು ಹಾಕಿಕೊಂಡಿದ್ದು, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು.

"ಹೆಂಗಿತ್ತು?" ಅಂತ ಕೇಳಿದೆ.

"ಕಥಿ ಪೂರಾ ಹಾಡಿನಾಗೇ ಹೇಳ್ತಾರ ಅಕ್ಕಾ. ಮಾತು ಕಡಿಮಿ. ಮುಂದ ವಾದ್ಯದವರು ಕುಂತಿರ್ತಾರ. ಝಗಝಗ ಬಟ್ಟಿ, ಸಿಟ್ಟು, ಅಳು, ಮತ್ಸರ, ನಡುನಡುವ ನಗಿ..."

ನಾನು ಜೋರಾಗಿ ನಕ್ಕುಬಿಟ್ಟೆ. "ಹುಚ್ಚಿ, ಅದಕ್ಕ ಟಿಕೆಟ್ ತಗೊಂಡು ಅಂಜಿಕೋತ ಹೋಗಿದ್ದೇನ? ನಮ್ಮ ಪಾರಿಜಾತ ಅಂದ್ರ ಮತ್ತೇನು?"

ಆಕೆಯೂ ನಕ್ಕಳು. ಆದರೆ ಫೋನ್ ಇಟ್ಟ ಮೇಲೆ ನನಗೆ ಅನಿಸಿದ್ದೇ ಬೇರೆ. ಆಪೆರಾಗೆ ಹೋಗಲು ತಂಗಿಗಿದ್ದ ಅಂಜಿಕೆಯೇ ಇಲ್ಲಿ ನಮ್ಮ ಮಟಮಾರಿಯಲ್ಲಿ, ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಊರ ಮುಂದಿನ ಆಟಕ್ಕೆ ಹೋಗಲು ಇದೆ. "ರಾತ್ರಿ ಹೊತ್ತು ಹೋಗಬಹುದಾ? ಎಲ್ಲಿ ಕೂಡಬೇಕು? ಅರ್ಥ ಆಗ್ತದಾ? ಜನ ಏನಂತಾರ?" ಹೀಗೆ ಯೋಚನೆ ಮಾಡುತ್ತಲೇ ಸೀರಿಯಲ್ ಮುಂದೆ ಕೂತುಬಿಡುತ್ತೇವೆ. ನಾನೂ ಹಾಗೇ ಇದ್ದವಳು. ಒಂದು ಸಲ ಹೋಗಿ ಬಂದ ಮೇಲೆ ಧೈರ್ಯ ಬಂತು. ಈ ವರ್ಷ ನೀವೂ ಹೋಗಲಿ ಎಂದು ಈ ನಾಲ್ಕು ಮಾತು.

ಯಾವ ಆಟ, ಯಾವ ತರಹ?

ಮೊದಲು ಇದನ್ನು ತಿಳಿದುಕೊಳ್ಳಿ. 'ಆಟ ಐತಂತ' ಎಂದರೆ ಸಾಲದು, ಯಾವುದು ಎಂದು ಕೇಳಿ. ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಮೂರು ಬಗೆ.

ಒಂದು, ದೊಡ್ಡಾಟ. ಇದನ್ನೇ ಬಯಲಾಟ ಅಂತಲೂ ಅನ್ನುತ್ತಾರೆ. ಊರಿನ ರೈತರು, ಕೂಲಿಯವರು, ಅಂಗಡಿಯವರು ತಿಂಗಳುಗಟ್ಟಲೆ ಮಾಸ್ತರರ ಕೈಯಲ್ಲಿ ಕಲಿತು ಆಡುವಂಥದ್ದು. ಕಿರೀಟ, ಭುಜಕೀರ್ತಿ, ಕಾಲಿಗೆ ಗೆಜ್ಜೆ. ಎತ್ತರದ ಅಟ್ಟದ ಮೇಲೆ ಹಲಗೆ ನಡುಗುವಂತೆ ಕುಣಿಯುತ್ತಾರೆ. ನಿನ್ನೆ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದವನು ಇವತ್ತು ದುರ್ಯೋಧನ! ಗುರುತೇ ಸಿಗುವುದಿಲ್ಲ.

ಎರಡನೆಯದು ಶ್ರೀಕೃಷ್ಣ ಪಾರಿಜಾತ. ಇದು ಸಣ್ಣಾಟದ ಬಳಗಕ್ಕೆ ಸೇರಿದ್ದು. ಕುಣಿತದ ಅಬ್ಬರ ಕಡಿಮೆ, ಹಾಡು ಮತ್ತು ಮಾತಿನ ಸೊಗಸು ಹೆಚ್ಚು. ಅಪರಾಳ ತಮ್ಮಣ್ಣ ಬರೆದದ್ದನ್ನು ಗೋಕಾಕ ಕಡೆಯ ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದ ಎಂದು ಹೇಳುತ್ತಾರೆ. ಅಪರಾಳ ತಮ್ಮಣ್ಣ ನಮ್ಮ ರಾಯಚೂರು ಸೀಮೆಯವನೇ ಎಂಬ ಮಾತಿದೆ. ಕೇಳಿದರೆ ಹೆಮ್ಮೆ ಅನಿಸುತ್ತದೆ, ಅಲ್ಲವಾ? ಇದರ ಮೇಳಗಳು ಹೆಚ್ಚಾಗಿ ಬಾಗಲಕೋಟೆ, ಬೆಳಗಾವಿ ಕಡೆಯವು.

ಮೂರನೆಯದು ಕಂಪನಿ ನಾಟಕ. ತಗಡು, ಟೆಂಟು, ಬಣ್ಣದ ಪರದೆ, ಗೇಟಿನಲ್ಲಿ ಟಿಕೆಟ್. ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರು ಇದನ್ನು ನೋಡಿಯೇ ಇರುತ್ತೀರಿ. ಅಲ್ಲಿ ಸಾಲಾಗಿ ಕಂಪನಿಗಳು, ದಿನಕ್ಕೆ ಎರಡು ಮೂರು ಶೋ. ಹಿಂದೆ ಈ ಕಂಪನಿ ನಾಟಕಗಳೆಂದರೆ ಹಾಡಿನ ಹಬ್ಬ. ಮಲ್ಲಿಕಾರ್ಜುನ ಮನ್ಸೂರರಂಥ ಗಾಯಕರೂ ಹುಡುಗರಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಪಾತ್ರ ಮಾಡಿದವರೇ. ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಕೂಗಿದರೆ ನಾಟಕ ನಿಲ್ಲಿಸಿ ಮತ್ತೊಮ್ಮೆ ಹಾಡುತ್ತಿದ್ದರಂತೆ. 1934ರಲ್ಲಿ ಗುಬ್ಬಿ ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗದ ಮೇಲೆ ಬಂದವು. ಈಗ ಕಂಪನಿಗಳು ಕಡಿಮೆ. ಇರುವವುಗಳಲ್ಲೂ ಸಾಮಾಜಿಕ ಹಾಸ್ಯ ನಾಟಕಗಳದೇ ಭರಾಟೆ.

ಕಥೆ ತಿಳಿದುಕೊಂಡೇ ಹೋಗಿ

ಆಪೆರಾಗೆ ಹೋಗುವವರಿಗೆ ಮೊದಲ ಸಲಹೆ ಏನು ಗೊತ್ತಾ? ಕಥೆ ಓದಿಕೊಂಡು ಹೋಗಿ ಎನ್ನುವುದು. ಅಲ್ಲಿ ಹಾಡುವುದು ಇಟಾಲಿಯನ್ನೋ ಜರ್ಮನ್ನೋ ಆಗಿರುತ್ತದೆ. ಅರ್ಥ ತಿಳಿಯಲಿ ಎಂದು ಎಷ್ಟೋ ಕಡೆ ವೇದಿಕೆಯ ಮೇಲ್ಗಡೆ ಅಕ್ಷರದಲ್ಲಿ ತೋರಿಸುತ್ತಾರೆ. ನಮಗೆ ಆ ಕಷ್ಟವಿಲ್ಲ, ಮನೆಯಲ್ಲಿ ಅಜ್ಜಿ ಇದ್ದರೆ ಸಾಕು! ಆದರೂ ಹಾಡಿನ ಕನ್ನಡ ಹಳೆಯದು, ರಾಗ ಎಳೆದು ಹಾಡುವಾಗ ಮಾತು ಬಿಟ್ಟುಹೋಗುತ್ತದೆ. ಕಥೆ ಗೊತ್ತಿದ್ದರೆ ಹಾಡಿನ ರುಚಿ ಸಿಗುತ್ತದೆ.

ಪಾರಿಜಾತದ ಕಥೆ ಇಷ್ಟೇ. ನಾರದ ದೇವಲೋಕದ ಪಾರಿಜಾತದ ಹೂವೊಂದನ್ನು ಕೃಷ್ಣನಿಗೆ ತಂದುಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಆಮೇಲೆ ಕೇಳಬೇಕಾ? ಸಿಟ್ಟು, ಅಳು, ಮುನಿಸು. ಕೃಷ್ಣ ಕೊರವಂಜಿ ವೇಷದಲ್ಲಿ ಕಣಿ ಹೇಳಲು ಬರುವ ಸನ್ನಿವೇಶವಂತೂ ಎಲ್ಲರಿಗೂ ಅಚ್ಚುಮೆಚ್ಚು. ಗಡಿಭಾಗದ ನಮಗೆ ಇದು ತೆಲುಗಿನಲ್ಲೂ ಪರಿಚಯ. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ಕಾವ್ಯ ಬರೆದದ್ದು ಇದೇ ಕಥೆಯ ಮೇಲೆ. ಕೂಚಿಪೂಡಿಯ 'ಭಾಮಾಕಲಾಪ'ದ ನಾಯಕಿಯೂ ಇದೇ ಸತ್ಯಭಾಮೆ.

ನಮ್ಮೂರ ಕಡೆ ಬಹಳ ಆಡುವ ಇನ್ನೊಂದು ನಾಟಕ 'ರಕ್ತರಾತ್ರಿ'. ಬರೆದವರು ಕಂದಗಲ್ಲ ಹನುಮಂತರಾಯರು. ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ, ನಿದ್ದೆಯಲ್ಲಿದ್ದ ದ್ರೌಪದಿಯ ಮಕ್ಕಳನ್ನು ಅಶ್ವತ್ಥಾಮ ಕೊಲ್ಲುವ ಕಥೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಇದರಲ್ಲಿ ದ್ರೌಪದಿಯಾಗಿ ಹಾಡಿದ್ದನ್ನು ಕಂಡವರು ಇವತ್ತಿಗೂ ನೆನೆಯುತ್ತಾರೆ. ಅವರು 2020ರಲ್ಲಿ ತೀರಿಕೊಂಡರು. ತಾಯಿಯಾದವಳು ಈ ನಾಟಕ ನೋಡಿ ಕಣ್ಣೊರೆಸಿಕೊಳ್ಳದೆ ಮನೆಗೆ ಬರಲಾರಳು. ಸೆರಗು ಸಾಲದು, ಕರವಸ್ತ್ರ ಇರಲಿ!

ಶುರುವಾಗೋದು ಯಾವಾಗ?

'ರಾತ್ರಿ ಒಂಬತ್ತಕ್ಕೆ' ಎಂದು ಹಾಕಿದ್ದರೆ ಹತ್ತೂವರೆ ಎಂದುಕೊಳ್ಳಿ. ಊಟ ಮಾಡಿ, ಪಾತ್ರೆ ತೊಳೆದು, ಬಾಗಿಲಿಗೆ ಬೀಗ ಹಾಕಿ ಆರಾಮಾಗಿ ಹೋಗಬಹುದು. ಆದರೆ ಜಾಗ ಹಿಡಿಯಲು ಮನೆಯ ಹುಡುಗರನ್ನು ಮೊದಲೇ ಕಳಿಸಿ.

ಮೊದಲು ಹಿಮ್ಮೇಳದವರು ಬಂದು ಕೂಡುತ್ತಾರೆ. ಹಾರ್ಮೋನಿಯಂ, ತಬಲಾ ಅಥವಾ ಮದ್ದಳೆ, ತಾಳ. ಶ್ರುತಿ ಹೊಂದಿಸುವುದಕ್ಕೇ ಒಂದಷ್ಟು ಹೊತ್ತು ಹಿಡಿಯುತ್ತದೆ. 'ಏನಿದು ಬರೀ ಪೀಂ ಪೀಂ' ಎಂದು ಬೇಸರ ಪಡಬೇಡಿ. ನಂತರ ಗಣಪತಿಯ ಸ್ತುತಿ. ಆಮೇಲೆ ಪಾತ್ರಗಳು ಒಂದೊಂದಾಗಿ ಬರುತ್ತವೆ. ದೊಡ್ಡಾಟದಲ್ಲಿ ಸಾರಥಿ 'ನೀವು ಯಾರು, ಎಲ್ಲಿಂದ ಬಂದಿರಿ' ಎಂದು ಕೇಳುತ್ತಾನೆ, ಪಾತ್ರಧಾರಿ ತನ್ನ ಹೆಸರು, ಕುಲ, ಪರಾಕ್ರಮ ಎಲ್ಲ ಹೇಳಿಕೊಳ್ಳುತ್ತಾನೆ. ಪಾರಿಜಾತದಲ್ಲಿ ಭಾಗವತನೇ ದೂತನೂ ಆಗಿ, ಕೆಣಕಿ ಕೆಣಕಿ ಮಾತು ಹೊರಡಿಸುತ್ತಾನೆ. ಗೊಲ್ಲತಿಗೂ ಅವನಿಗೂ ನಡೆಯುವ ಮಾತಿನ ಚಕಮಕಿಗೆ ಜನ ಬಿದ್ದು ಬಿದ್ದು ನಗುತ್ತಾರೆ.

ಇಲ್ಲೊಂದು ಗುಟ್ಟು. ಹಾಡು ಅರ್ಥವಾಗಲಿಲ್ಲವೆಂದು ಗಾಬರಿ ಬೇಡ. ಪಾತ್ರಧಾರಿ ಹಾಡಿದ ಸಾಲನ್ನು ಹಿಮ್ಮೇಳದವರು ಮತ್ತೆ ಹಾಡುತ್ತಾರೆ. ಅದಾದ ಮೇಲೆ ಅದೇ ಸಂಗತಿ ಮಾತಿನಲ್ಲೂ ಬರುತ್ತದೆ. ಹಾಡಿನಲ್ಲಿ ಬಿಟ್ಟದ್ದು ಮಾತಿನಲ್ಲಿ ಸಿಗುತ್ತದೆ. ಆದ್ದರಿಂದ ಹಾಡು ನಡೆದಾಗ ಅರ್ಥಕ್ಕೆ ತಡಕಾಡದೆ, ಸುಮ್ಮನೆ ದನಿ ಕೇಳಿ, ಮುಖ ನೋಡಿ.

ನಡುವೆ ಆಟ ನಿಂತು ಮೈಕಿನಲ್ಲಿ ಹೆಸರುಗಳು ಕೇಳಿಬಂದರೆ ಅದು 'ಆಯೇರಿ'. ಮೆಚ್ಚಿದವರು ಕಲಾವಿದರಿಗೆ ಹಣ, ಶಾಲು ಕೊಡುವುದು. ಕೆಲವೊಮ್ಮೆ ಇದೇ ಅರ್ಧ ಗಂಟೆ ಆಗುವುದುಂಟು. ಮಕ್ಕಳನ್ನು ಬಚ್ಚಲಿಗೆ ಕರೆದೊಯ್ಯಲು ಒಳ್ಳೆ ಸಮಯ! ಹಿಂದೆ ಬೆಳ್ಳಿ ಮೂಡುವ ತನಕ ಆಡುತ್ತಿದ್ದರು. ಈಗ ಕೆಲವು ಕಡೆ ನಡುರಾತ್ರಿಗೇ ಮಂಗಳ ಹಾಡುತ್ತಾರೆ. ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಏನೇನು ಒಯ್ಯಬೇಕು?

ಕೌದಿ ಬೇಕೇ ಬೇಕು. ನೆಲಕ್ಕೆ ಹಾಸಲು ಒಂದು, ಹೊದೆಯಲು ಒಂದು. ನಮ್ಮ ರಾಯಚೂರಿನಲ್ಲಿ ಹಗಲು ಎಷ್ಟೇ ಸುಡಲಿ, ಚಳಿಗಾಲದಲ್ಲಿ ಬೆಳಗಿನ ಜಾವಕ್ಕೆ ಬಯಲಿನಲ್ಲಿ ಥಂಡಿ ಹತ್ತುತ್ತದೆ. ಕುಡಿಯುವ ನೀರು, ಬ್ಯಾಟರಿ, ಮಕ್ಕಳಿದ್ದರೆ ಸ್ವೆಟರ್. ತಿನ್ನಲು ಮಂಡಾಳ ಒಗ್ಗರಣೆ ಮಾಡಿಕೊಂಡು ಹೋದರೆ ಮೆತ್ತಗಾಗುತ್ತದೆ. ಚುರುಮುರಿ, ಹುರಿದ ಶೇಂಗಾ ವಾಸಿ. ಹೇಗೂ ಬಿಸಿ ಮಿರ್ಚಿಯವನು ಅಲ್ಲೇ ಗಾಡಿ ಹಚ್ಚಿರುತ್ತಾನೆ.

ಉಡುವುದು? ಆಪೆರಾಗೆ ಹೋಗುವಾಗ ನನ್ನ ತಂಗಿ ಎರಡು ದಿನ ಸೀರೆ ಆರಿಸಿದಳಂತೆ. ಇಲ್ಲಿ ಮೆತ್ತನೆಯ ನೂಲಿನ ಸೀರೆಯೋ ಚೂಡಿದಾರವೋ ಸಾಕು. ನಾಲ್ಕು ತಾಸು ಚಕ್ಕಳ ಮಕ್ಕಳ ಹಾಕಿ ಕೂಡಬೇಕು, ನೆನಪಿರಲಿ. ಬಂಗಾರ ಮನೆಯಲ್ಲೇ ಇರಲಿ.

ಕೂಡುವ ಜಾಗದ ಬಗ್ಗೆ ಹೇಳಲೇಬೇಕು. ಮೈಕಿನ ಡಬ್ಬಿಯ ಪಕ್ಕ ಬೇಡ, ಮರುದಿನ ಕಿವಿ ಗುಂಯ್ ಅನ್ನುತ್ತದೆ. ತೀರಾ ಮುಂದೆ ಕೂತರೆ ಅಟ್ಟದ ಆಟಕ್ಕೆ ಕತ್ತು ನೋಯುತ್ತದೆ. ಹೆಣ್ಣುಮಕ್ಕಳು ಕೂಡುವ ಬದಿಯಲ್ಲಿ, ಹಿಮ್ಮೇಳ ಕಾಣುವಂತೆ, ಎದ್ದು ಹೋಗಲು ದಾರಿ ಇರುವ ಕಡೆ ಕೂಡಿ. ಒಬ್ಬರೇ ಹೋಗುವ ಬದಲು ಓಣಿಯ ನಾಲ್ಕಾರು ಜನ ಸೇರಿ ಹೋಗಿ. ಬೇರೆ ಊರಾದರೆ ಹೋಗಿ ಬರುವ ಟಂಟಂ ಮೊದಲೇ ಗೊತ್ತು ಮಾಡಿ. 'ವಾಪಸ್ ಬರುವಾಗ ನೋಡೋಣ' ಎಂದರೆ ನಡುರಾತ್ರಿ ಪರದಾಟ. ಬಹಿರ್ದೆಸೆಗೆ ವ್ಯವಸ್ಥೆ ಎಲ್ಲಿದೆ ಎಂದು ಬೆಳಕಿರುವಾಗಲೇ ಕೇಳಿಟ್ಟುಕೊಳ್ಳಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಷ್ಟೋ ಹೆಂಗಸರು ಆಟಕ್ಕೆ ಹೋಗದಿರಲು ಇದೂ ಒಂದು ಕಾರಣ.

ರಾತ್ರಿ ಆಗುವುದೇ ಇಲ್ಲ ಎನ್ನುವವರು ಪೇಟೆಯ ರಂಗಮಂದಿರದಿಂದ ಶುರು ಮಾಡಬಹುದು. ರಾಯಚೂರಿನಲ್ಲಿ ನಮ್ಮ ಜಿಲ್ಲೆಯವರೇ ಆದ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿದೆ. ಕುರ್ಚಿ, ಫ್ಯಾನು ಎಲ್ಲ ಇರುತ್ತದೆ, ಮಕ್ಕಳಿಗೂ ಸಲೀಸು.

ಎದ್ದು ಬರುವುದೂ ಗೊತ್ತಿರಲಿ

ಎಲ್ಲವೂ ಚೆಂದವೇ ಇರುತ್ತದೆ ಎಂದು ನಾನು ಸುಳ್ಳು ಹೇಳಲಾರೆ. ಕೆಲ ವರ್ಷದ ಹಿಂದೆ ಒಂದು ಜಾತ್ರೆಯಲ್ಲಿ ಟೆಂಟು ಹಾಕಿದ್ದ ಕಂಪನಿಯ ನಾಟಕಕ್ಕೆ ಮನೆಮಂದಿಯೆಲ್ಲ ಹೋದೆವು. ಹೆಸರು ಬೇಡ ಬಿಡಿ. ಬೋರ್ಡಿನ ಮೇಲೆ 'ಕುಟುಂಬ ಸಮೇತ ನೋಡಿ' ಎಂದು ಬರೆದಿತ್ತು. ಒಳಗೆ ಹಾಸ್ಯದ ಹೆಸರಲ್ಲಿ ಎರಡೆರಡು ಅರ್ಥದ ಮಾತು. ನನ್ನ ಹತ್ತು ವರ್ಷದ ಮಗಳು "ಅವ್ವಾ, ಎಲ್ಲಾರೂ ಯಾಕ ನಗ್ತಾರ?" ಎಂದು ಕೇಳಿದಳು. ಪಕ್ಕದಲ್ಲಿ ನಮ್ಮತ್ತೆ ತಲೆ ತಗ್ಗಿಸಿ ಕೂತಿದ್ದರು. ನಾವು ಅರ್ಧಕ್ಕೇ ಎದ್ದು ಬಂದೆವು. ಟಿಕೆಟ್ ದುಡ್ಡು ಹೋಯಿತು, ಹೋಗಲಿ.

ತಪ್ಪು ನನ್ನದೂ ಇತ್ತು. ಯಾವ ನಾಟಕ, ಹೇಗಿದೆ ಎಂದು ಹಿಂದಿನ ದಿನ ನೋಡಿದವರನ್ನು ಒಂದು ಮಾತು ಕೇಳಲಿಲ್ಲ. ಈಗ ಕೇಳದೆ ಹೋಗುವುದಿಲ್ಲ. ಹಾಗೆಯೇ, ಒಂದು ಕಡೆ ಹಾಗಾಯಿತೆಂದು ಎಲ್ಲ ಆಟಗಳನ್ನೂ ಬೈಯಬೇಡಿ. ಒಂದು ಅನ್ನ ಹಳಸಿದರೆ ಒಲೆ ಹಚ್ಚುವುದನ್ನೇ ಬಿಡುತ್ತೇವಾ?

ಅತ್ತೆಯ ಒಂದು ರಾತ್ರಿ

ನಾನು ಮತ್ತೆ ಧೈರ್ಯ ಮಾಡಿದ್ದು ನಮ್ಮತ್ತೆಯ ಸಲುವಾಗಿ. ಮಾವ ಹೋದ ಮೇಲೆ ಅವರು ಮದುವೆ, ಮುಂಜಿವೆ, ಜಾತ್ರೆ ಯಾವುದಕ್ಕೂ ಮನೆ ಬಿಟ್ಟವರಲ್ಲ. ಆದರೆ ಶೇಂಗಾ ಒಡೆಯುತ್ತಾ ಕೂತಾಗ ಸಣ್ಣ ದನಿಯಲ್ಲಿ ಏನೋ ಗುನುಗುತ್ತಿದ್ದರು. ಒಂದು ದಿನ ಕೇಳಿದೆ. "ಪಾರಿಜಾತದ್ದು. ಸಣ್ಣಾಕಿ ಇದ್ದಾಗ ಮಾಳಿಗಿ ಮ್ಯಾಲ ನಿಂತು ಕೇಳಿದ್ದು. ಹೆಣ್ಮಕ್ಕಳನ್ನ ಆಟದ ಹತ್ರ ಬಿಡ್ತಿದ್ದಿಲ್ಲ. ಮಾರಿ ಕಾಣ್ತಿದ್ದಿಲ್ಲ, ದನಿ ಅಷ್ಟ ಕೇಳ್ತಿತ್ತು" ಅಂದರು.

ಅದೇ ವರ್ಷ ಪಕ್ಕದ ಊರಿಗೆ ಬಾಗಲಕೋಟೆ ಕಡೆಯ ಪಾರಿಜಾತದ ಮೇಳ ಬಂತು. "ಬಾರವ್ವ ಅತ್ತಿ" ಎಂದರೆ "ಜನ ಏನಂದಾರು, ನಾ ಒಲ್ಲೆ" ಅಂದರು. "ನೀವು ಬರಲಿಲ್ಲ ಅಂದ್ರ ನಾನೂ ಹೋಗೂದಿಲ್ಲ" ಎಂದು ಹಟ ಹಿಡಿದೆ. ಕೊನೆಗೆ ತಲೆ ತುಂಬ ಸೆರಗು ಹೊದ್ದು ಟಂಟಂ ಹತ್ತಿದರು.

ಆ ರಾತ್ರಿ ಸತ್ಯಭಾಮೆ ಆಡಿದಾಕೆ ನನ್ನಷ್ಟೇ ವಯಸ್ಸಿನವಳು. ಏನು ದನಿ ಅಂತೀರಿ! ಗಂಡ ತನ್ನನ್ನು ಕೇಳದೇ ಹೂವು ಬೇರೆಯವಳಿಗೆ ಕೊಟ್ಟ ಎಂದು ಆಕೆ ಅಳುವಾಗ ಹೆಂಗಸರ ಕಡೆ ಸದ್ದೇ ಇಲ್ಲ. ಹೂವಿನ ಮಾತಲ್ಲ ಅದು, 'ನನ್ನನ್ನ ಒಂದು ಮಾತು ಕೇಳಬಾರದಿತ್ತಾ' ಎನ್ನುವ ಮಾತು. ನಮ್ಮಲ್ಲಿ ಯಾರಿಗೆ ಅದು ಗೊತ್ತಿಲ್ಲ? ಅತ್ತೆಯ ಸೆರಗು ಯಾವಾಗಲೋ ಹೆಗಲಿಗೆ ಜಾರಿತ್ತು. ಹಿಮ್ಮೇಳದ ಜೊತೆ ಅವರ ತುಟಿಯೂ ಅಲ್ಲಾಡುತ್ತಿತ್ತು.

ಆಟ ಮುಗಿದ ಮೇಲೆ ಕುಡಿಯುವ ನೀರು ಕೇಳಲು ಶಾಲೆಯ ಕೋಣೆಗೆ ಹೋದೆವು. ಅದೇ ಅವರ ಬಣ್ಣದ ಮನೆ. ಸತ್ಯಭಾಮೆ ಅರ್ಧ ಬಣ್ಣ ಒರೆಸಿಕೊಂಡು, ಪೆಟ್ಟಿಗೆಯ ಪಕ್ಕ ಮಲಗಿದ್ದ ಕೂಸನ್ನು ಎತ್ತಿಕೊಂಡು ಹಾಲು ಕುಡಿಸುತ್ತಿದ್ದಳು. ನಮ್ಮತ್ತೆ ಬಾಗಿಲಲ್ಲೇ ನಿಂತುಬಿಟ್ಟರು. 'ನಾಟಕದಾಕಿ' ಎಂಬ ಮಾತನ್ನು ಬೈಗುಳವಾಗಿ ಅವರ ಬಾಯಲ್ಲೇ ನಾನು ಎಷ್ಟೋ ಸಲ ಕೇಳಿದ್ದೆ.

ಮರುದಿನ ಮೇಳ ಇನ್ನೂ ಆ ಊರಲ್ಲೇ ಇತ್ತು. ಅತ್ತೆ ಟ್ರಂಕಿನಿಂದ ಒಂದು ಇಳಕಲ್ ಕುಬಸದ ಕಣ ತೆಗೆದು, ಅಕ್ಕಿ, ಕೊಬ್ಬರಿ ಬಟ್ಟಲು ಜೊತೆಗಿಟ್ಟು ನನ್ನ ಕೈಗೆ ಕೊಟ್ಟರು. "ಆ ಹುಡುಗಿಗೆ ಉಡಿ ತುಂಬಿ ಬಾ. ಕೂಸಿನ ತಾಯಿ ಅದಾಳ." "ನೀವೂ ಬರ್ರಿ" ಎಂದು ಕರೆದುಕೊಂಡೇ ಹೋದೆ. ನಾನು ಉಡಿ ತುಂಬಲು ಹೋದಾಗ ಆಕೆ ಸೆರಗು ಒಡ್ಡಿ, ಹಿಂದೆ ನಿಂತಿದ್ದ ಅತ್ತೆಯ ಕಡೆ ನೋಡಿ ಅಂದಳು: "ನೀವು ತುಂಬ್ರಿ ಅವ್ವಾರ. ರಾತ್ರಿ ನೀವು ನನ್ನ ಕೂಡ ಹಾಡ್ತಿದ್ರಿ, ನಾ ನೋಡೀನಿ."

"ನಾ ತುಂಬೂಹಂಗಿಲ್ಲ ಯವ್ವಾ" ಎಂದರು ಅತ್ತೆ.

"ನನಗ ನಡೀತದ್ರಿ" ಎಂದಳು ಆಕೆ.

ಅತ್ತೆಯ ಕೈ ನಡುಗುತ್ತಿತ್ತು. ಆದರೂ ತುಂಬಿದರು. ಬರುವಾಗ ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲ. ಆದರೆ ಅಂದಿನಿಂದ 'ನಾಟಕದಾಕಿ' ಎಂಬ ಬೈಗುಳ ನಮ್ಮ ಮನೆಯಲ್ಲಿ ಕೇಳಿಲ್ಲ. ಆ ವರ್ಷದ ದಸರೆಗೆ ಓಣಿಯ ಮದುವೆಗೂ ಹೋಗದಿದ್ದ ನಮ್ಮತ್ತೆ ಬನ್ನಿ ಕೊಡಲು ನಾಲ್ಕು ಮನೆ ಸುತ್ತಿ ಬಂದರು.

ಬಣ್ಣ ಹಚ್ಚಿದವರನ್ನು ಗೌರವಿಸಿ

ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಆಟ ನೋಡಿ ನಕ್ಕು, ಅತ್ತು, ಮನೆಗೆ ಬಂದು ಕಲಾವಿದೆಯ ನಡತೆಯ ಬಗ್ಗೆ ಮಾತಾಡುವುದು ಬೇಡ. ಮೊದಲು ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಅಂಥ ಕಾಲದಲ್ಲಿ ರಂಗಕ್ಕೆ ಬಂದ ಹೆಣ್ಣುಮಕ್ಕಳು ಎಷ್ಟು ಮಾತು ಕೇಳಿರಬೇಕು! ಕೌಜಲಗಿ ನಿಂಗಮ್ಮನಂಥವರು ಪಾರಿಜಾತಕ್ಕೇ ಹೆಸರು ತಂದರು. ಬೀಳಗಿಯಿಂದ ಹೋದ ಅಮೀರಬಾಯಿ ಕರ್ನಾಟಕಿ ಮುಂಬೈ ಸಿನಿಮಾದಲ್ಲಿ ಹಾಡಿ ಮನೆಮಾತಾದರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಇವರೆಲ್ಲ ನಮ್ಮ ಆಸುಪಾಸಿನವರೇ. ಇಂದಿಗೂ ಎಷ್ಟೋ ಹಳ್ಳಿ ನಾಟಕಗಳಿಗೆ ಬೇರೆ ಊರಿಂದ ಕಲಾವಿದೆಯರು ರಾತ್ರಿ ಬಸ್ಸು ಹತ್ತಿ ಬರುತ್ತಾರೆ. ನಿಮ್ಮೂರಿಗೆ ಬಂದರೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಬಿಸಿ ಊಟ, ಬೆಳಿಗ್ಗೆ ಬಸ್ಸಿನ ತನಕ ಜೊತೆ, ಇಷ್ಟು ಸಿಗುವಂತೆ ಊರ ಹೆಂಗಸರು ನೋಡಿಕೊಂಡರೆ ಸಾಕು. ಗಂಡಸರಿಗೆ ಇದು ಹೊಳೆಯುವುದಿಲ್ಲ!

ನೆನಪಿರಲಿ

* ಯಾವ ಆಟ, ಯಾರು ಆಡುವವರು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮೊದಲೇ ಕೇಳಿ.

* ಮನೆಯ ಹಿರಿಯರಿಂದ ಮಕ್ಕಳಿಗೆ ಕಥೆ ಹೇಳಿಸಿ ಕರೆದೊಯ್ಯಿರಿ.

* ಸಣ್ಣ ಮಕ್ಕಳಿಗೆ ಮಧ್ಯಾಹ್ನ ಒಂದು ನಿದ್ದೆ ಮಾಡಿಸಿ. ನಡುವೆ ಮಲಗಿದರೆ ಮಲಗಲಿ, ಎಬ್ಬಿಸಿ ಕಾಡಬೇಡಿ. ರಾಕ್ಷಸ ವೇಷಕ್ಕೆ ಅಂಜಿದರೆ ಬಣ್ಣ ಹಚ್ಚುವುದನ್ನು ದೂರದಿಂದ ತೋರಿಸಿ.

* ಬಿ.ಪಿ., ಸಕ್ಕರೆ ಕಾಯಿಲೆ ಇರುವ ಹಿರಿಯರ ಮಾತ್ರೆ, ಊಟ ತಪ್ಪದಿರಲಿ. ಅವರಿಗೊಂದು ಕುರ್ಚಿ ಒಯ್ಯಿರಿ.

* ಮೊಬೈಲ್ ಸದ್ದು ನಿಲ್ಲಿಸಿ. ಕಲಾವಿದೆಯರ ವಿಡಿಯೋ ಅವರನ್ನು ಕೇಳದೇ ಹಿಡಿಯಬೇಡಿ, ಹಂಚಬೇಡಿ.

* ಮೆಚ್ಚಿಗೆಯಾದರೆ ಹತ್ತು ರೂಪಾಯಿಯಾದರೂ ಸರಿ, ಆಯೇರಿ ಮಾಡಿ. ಹೆಸರು ಕೂಗಿಸುವಾಗ ನಿಮ್ಮ ಹೆಸರೇ ಹೇಳಿ, 'ಇಂಥವರ ಹೆಂಡತಿ' ಅಂತಲ್ಲ!

* ಮುಜುಗರವಾದರೆ ಎದ್ದು ಬನ್ನಿ. ಮರುದಿನ ಸಂಘಟಕರಿಗೆ ತಿಳಿಸಿ.

ತಂಗಿ ಈ ಸಲ ರಜೆಗೆ ಬಂದಾಗ ಅವಳನ್ನೂ ಆಟಕ್ಕೆ ಕರೆದೊಯ್ಯುವುದೆಂದು ತೀರ್ಮಾನವಾಗಿದೆ. "ಏನು ಉಡಲಿ?" ಎಂದು ಈಗಲೇ ಕೇಳುತ್ತಿದ್ದಾಳೆ. ಉತ್ತರ ಕೊಟ್ಟಿದ್ದು ನಮ್ಮತ್ತೆ: "ಏನರ ಉಡು ಯವ್ವಾ, ಕೌದಿ ಮಾತ್ರ ಮರೀಬ್ಯಾಡ."